ಹಡಗು ನಮ್ದು ಸರಿ, ಅದರ ಮೇಲಿನ ಆಯುಧ ಎಲ್ಲಿಂದ ಬಂತು?

ಹೊಸ ಯುದ್ಧನೌಕೆ ನೌಕಾಪಡೆಗೆ ಸೇರಿದಾಗೆಲ್ಲ ಸುದ್ದಿಯಲ್ಲಿ ಒಂದು ಪರ್ಸೆಂಟೇಜ್ ಬಂದೇ ಬರುತ್ತೆ. ಐಎನ್‌ಎಸ್ ವಿಕ್ರಾಂತ್ 76 ಪರ್ಸೆಂಟ್ ಸ್ವದೇಶಿ ಅಂದ್ರು, 2025ರ ಜನವರಿಯಲ್ಲಿ ಸೇರಿದ ಐಎನ್‌ಎಸ್ ಸೂರತ್ 75 ಪರ್ಸೆಂಟ್ ಅಂದ್ರು. ಅದೇ ವರ್ಷ ಏಪ್ರಿಲ್‌ನಲ್ಲಿ, ಮುಖ್ಯವಾಗಿ ಅದೇ ವಿಕ್ರಾಂತ್ ಮೇಲಿಂದ ಹಾರೋಕೆ ಅಂತ ಫ್ರಾನ್ಸ್ ಜೊತೆ 26 ರಫೇಲ್ ಮರೀನ್ ವಿಮಾನಗಳಿಗೆ ಸುಮಾರು 63,000 ಕೋಟಿ ರೂಪಾಯಿ ಒಪ್ಪಂದಕ್ಕೆ ಸಹಿ ಆಯ್ತು. ಹಡಗಿಗೆ ಸುಮಾರು 20,000 ಕೋಟಿ, ಅದರ ಮೇಲಿನ ವಿಮಾನಕ್ಕೆ ಅದರ ಮೂರು ಪಟ್ಟು. ಇದನ್ನ ನೋಡಿ ಒಂದಷ್ಟು ಜನ ಎಲ್ಲಾ ನಮ್ದೇ ಅಂತಾರೆ, ಇನ್ನೊಂದಷ್ಟು ಜನ ಕಬ್ಬಿಣ ಬಿಟ್ರೆ ಏನೂ ನಮ್ದಲ್ಲ ಅಂತಾರೆ, ಎರಡೂ ಅರ್ಧ ಸತ್ಯ, ಯಾಕಂದ್ರೆ ಯುದ್ಧನೌಕೆ ಅನ್ನೋದು ಒಂದೇ ವಸ್ತು ಅಲ್ಲ.

ನೌಕಾಪಡೆಯವರು ಹಡಗನ್ನ ಮೂರು ಭಾಗ ಮಾಡಿ ನೋಡ್ತಾರೆ: ಫ್ಲೋಟ್, ಮೂವ್, ಫೈಟ್. ತೇಲೋಕೆ ಬೇಕಾದ್ದು, ಓಡೋಕೆ ಬೇಕಾದ್ದು, ಹೊಡೆಯೋಕೆ ಬೇಕಾದ್ದು. ತೇಲೋ ಭಾಗದಲ್ಲಿ ನಾವು ಹೆಚ್ಚುಕಮ್ಮಿ 90 ಪರ್ಸೆಂಟ್ ಸ್ವದೇಶಿ, ಓಡೋ ಭಾಗದಲ್ಲಿ 60ರ ಆಸುಪಾಸು, ಹೊಡೆಯೋ ಭಾಗದಲ್ಲಿ 50 ಅಂತ ನೌಕಾಪಡೆಯ ಲೆಕ್ಕ. ಗಸ್ತು ನೌಕೆಗಳನ್ನ ಹೊರದೇಶಕ್ಕೆ ಮಾರೋಕೆ ನಮ್ಗೆ ಆಗ್ತಿದೆ ಆದ್ರೆ ಕ್ಷಿಪಣಿ ಹೊತ್ತ ದೊಡ್ಡ ಯುದ್ಧನೌಕೆ ಫ್ರಿಗೇಟ್ ಮಾರೋಕೆ ಇನ್ನೂ ಆಗಿಲ್ಲ ಯಾಕೆ, ಹಡಗು ಸಿದ್ಧ ಆದ್ರೂ ಕ್ಷಿಪಣಿ ಬರೋಕೆ ವರ್ಷ ಯಾಕೆ ಹಿಡಿಯುತ್ತೆ, ಇವೆಲ್ಲಾ ಈ ಮೂರು ನಂಬರಿನಿಂದಲೇ ಅರ್ಥ ಆಗುತ್ತೆ.

ಮೊದ್ಲು ತೇಲೋ ಭಾಗ. ಇಲ್ಲಿ ನಮ್ಮ ಸಾಧನೆ ನಿಜಕ್ಕೂ ದೊಡ್ದು. 1960ರಲ್ಲಿ ಸರ್ಕಾರ ಮುಂಬೈನ ಮಜಗಾಂವ್ ಡಾಕ್ ಮತ್ತು ಕೋಲ್ಕತ್ತದ ಗಾರ್ಡನ್ ರೀಚ್ ಯಾರ್ಡನ್ನ ತನ್ನ ಕೈಗೆ ತಗೊಂಡಿತು. ಮರುವರ್ಷ ಕೋಲ್ಕತ್ತದಿಂದ ಐಎನ್‌ಎಸ್ ಅಜಯ್ ಬಂತು, ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಯುದ್ಧನೌಕೆ ಅದು. 1972ರಲ್ಲಿ ಮುಂಬೈನಿಂದ ಬ್ರಿಟಿಷ್ ಲಿಯಾಂಡರ್ ವಿನ್ಯಾಸದ ನೀಲಗಿರಿ ಬಂತು. ಅಲ್ಲಿಂದ ಮುಂದೆ ನೌಕಾಪಡೆ ಬೇರೆ ದೇಶಗಳ ನೌಕಾಪಡೆಗಳು ಅಷ್ಟಾಗಿ ಮಾಡದ ಒಂದು ಕೆಲಸ ಮಾಡ್ತು, ತನ್ನೊಳಗೇ ಒಂದು ವಿನ್ಯಾಸ ವಿಭಾಗ ಕಟ್ಕೊಂಡಿತು, ಅಂದ್ರೆ ಸಮುದ್ರದಲ್ಲಿ ಹಡಗು ನಡೆಸೋರೂ ಕಾಗದದ ಮೇಲೆ ಅದನ್ನ ಬಿಡಿಸೋರೂ ಒಂದೇ ಸಂಸ್ಥೆಯವರು. ಭೂಸೇನೆಗಾಗ್ಲಿ ವಾಯುಪಡೆಗಾಗ್ಲಿ ಆ ಮಟ್ಟದ ಅನುಕೂಲ ಇಲ್ಲ. ಆ ವಿಭಾಗಕ್ಕೆ ಈಗ ವಾರ್‌ಶಿಪ್ ಡಿಸೈನ್ ಬ್ಯೂರೋ ಅಂತ ಹೆಸರು, 2025ರ ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಸೇರಿದ ಉದಯಗಿರಿ ಅದು ವಿನ್ಯಾಸ ಮಾಡಿದ 100ನೇ ಹಡಗು. ಅವತ್ತೇ ಕೋಲ್ಕತ್ತದಲ್ಲಿ ಕಟ್ಟಿದ ಹಿಮಗಿರಿಯೂ ಸೇರಿತು, ಒಂದೇ ವಿನ್ಯಾಸದ ಎರಡು ಫ್ರಿಗೇಟ್ ಎರಡು ಬೇರೆ ಬೇರೆ ಯಾರ್ಡ್‌ನಲ್ಲಿ ಕಟ್ಟಿ ಒಂದೇ ದಿನ ಸೇರಿಸಿದ್ದು. ಇದರ ಹಿಂದಿರೋ 60 ವರ್ಷದ ಬೆವರು ನೆನೆಸ್ಕೊಂಡ್ರೆ ಹೆಮ್ಮೆ ಆಗುತ್ತೆ.

ಉಕ್ಕಿನ ವಿಷಯ ಬೇರೆಯಾಗೇ ಹೇಳ್ಬೇಕು. ಯುದ್ಧನೌಕೆಗೆ ಸಾಮಾನ್ಯ ಉಕ್ಕು ಆಗಲ್ಲ, ಅದು ಅಲೆಗೂ ಸ್ಫೋಟಕ್ಕೂ ಬಾಗ್ಬೇಕೇ ಹೊರತು ಸೀಳಬಾರದು, ಬೆಸುಗೆ ಹಾಕಿದ ಜಾಗದಲ್ಲೂ ಅಷ್ಟೇ ಗಟ್ಟಿ ಇರ್ಬೇಕು. ವಿಕ್ರಾಂತ್‌ಗೆ ಮೊದ್ಲು ಈ ಉಕ್ಕು ರಷ್ಯಾದಿಂದ ತರಿಸೋ ಯೋಚನೆ ಇತ್ತು, ಅದು ಸರಿಯಾಗಿ ಬರ್ಲಿಲ್ಲ. ಆಗ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಮತ್ತು ಸರ್ಕಾರಿ ಉಕ್ಕು ಕಂಪನಿ ಸೇಲ್ ಸೇರಿ ಡಿಎಂಆರ್ 249 ಅನ್ನೋ ಉಕ್ಕು ಇಲ್ಲೇ ತಯಾರು ಮಾಡಿದ್ವು. ಭಿಲಾಯಿ, ಬೊಕಾರೊ, ರೂರ್ಕೆಲಾ ಮೂರೂ ಕಡೆಯಿಂದ ಸುಮಾರು 30,000 ಟನ್ ಉಕ್ಕು ಕೊಚ್ಚಿನ್ ಶಿಪ್‌ಯಾರ್ಡ್‌ಗೆ ಹೋಯ್ತು. ಇದಕ್ಕೆಲ್ಲಾ ಸಮಯ ಹಿಡೀತು, 2009ರಲ್ಲಿ ಕೀಲ್ (ತಳದ ಬೆನ್ನೆಲುಬು) ಇಟ್ಟ ಹಡಗು 2022ರ ಸೆಪ್ಟೆಂಬರ್ 2ಕ್ಕೆ ನೌಕಾಪಡೆ ಸೇರಿತು. ತಡ ಆಯ್ತು ಅಂತ ಬೈಯೋರು ಬೈಲಿ, ಆದ್ರೆ ಆ ತಡದಲ್ಲಿ ಹುಟ್ಟಿದ ಉಕ್ಕೇ ಆಮೇಲೆ ಕಟ್ಟಿದ ನಮ್ಮ ಹಡಗುಗಳಿಗೆಲ್ಲಾ ಬಳಕೆ ಆಯ್ತು. ಒಂದು ಹಡಗಿನ ಖರ್ಚಿನಲ್ಲಿ ಒಂದು ಸಾಮರ್ಥ್ಯವೇ ದೇಶಕ್ಕೆ ಬಂತು ಅಂತ ನಾನು ಲೆಕ್ಕ ಹಾಕ್ತೀನಿ.

ಓಡೋ ಭಾಗಕ್ಕೆ ಬಂದ್ರೆ ಇಷ್ಟು ಸಲೀಸಿಲ್ಲ. ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಪ್ರೊಪೆಲರ್. ದೊಡ್ಡ ಹಡಗುಗಳಿಗೆ ಗ್ಯಾಸ್ ಟರ್ಬೈನ್ ಬೇಕು, ವಿಕ್ರಾಂತ್‌ನಲ್ಲಿರೋದು ಅಮೆರಿಕದ ಜಿಇ ಕಂಪನಿಯ ಎಲ್‌ಎಂ 2500 ಟರ್ಬೈನ್ ನಾಲ್ಕು, ಉದಯಗಿರಿ, ಹಿಮಗಿರಿ ಸೇರಿರೋ ಹೊಸ ನೀಲಗಿರಿ ಸರಣಿಯಲ್ಲೂ ಅದೇ, ಜೊತೆಗೆ ಜರ್ಮನ್ ಮೂಲದ ಮ್ಯಾನ್ ಡೀಸೆಲ್. ಈ ಟರ್ಬೈನ್‌ಗಳನ್ನ ಜೋಡಿಸೋದು ನಮ್ಮ ಬೆಂಗಳೂರಿನ ಎಚ್‌ಎಎಲ್. ಜೋಡಿಸೋದು ಅಂದ್ರೆ ಸಣ್ಣ ಕೆಲಸ ಅಲ್ಲ, ಆದ್ರೆ ವಿನ್ಯಾಸದ ಹಕ್ಕು ನಮ್ದಲ್ಲ.

ಇದ್ರಿಂದ ಏನಾಗುತ್ತೆ ಅನ್ನೋದಕ್ಕೆ ತುಶಿಲ್ ಮತ್ತು ತಮಾಲ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಇವೆರಡೂ ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಕಟ್ಟಿದ ಫ್ರಿಗೇಟ್‌ಗಳು, ಆದ್ರೆ ಈ ವಿನ್ಯಾಸಕ್ಕೆ ಬೇಕಾದ ಟರ್ಬೈನ್ ತಯಾರಾಗ್ತಿದ್ದದ್ದು ಉಕ್ರೇನ್‌ನಲ್ಲಿ, 2014ರಲ್ಲಿ ಆ ಎರಡು ದೇಶಗಳ ಸಂಬಂಧ ಮುರಿದು ಬಿದ್ದ ಮೇಲೆ ಉಕ್ರೇನ್ ರಷ್ಯಾಕ್ಕೆ ಎಂಜಿನ್ ಕೊಡೋದು ನಿಲ್ಲಿಸಿತು, ಕೊನೆಗೆ ಭಾರತವೇ ಉಕ್ರೇನ್‌ನಿಂದ ಎಂಜಿನ್ ಖರೀದಿ ಮಾಡಿ ರಷ್ಯಾದ ಯಾರ್ಡ್‌ಗೆ ಕೊಟ್ಟು ಹಡಗು ಮುಗಿಸ್ಕೋಬೇಕಾಯ್ತು. ತುಶಿಲ್ 2024ರ ಡಿಸೆಂಬರ್‌ನಲ್ಲಿ ಸೇರಿತು, ತಮಾಲ್ 2025ರ ಜುಲೈ 1ಕ್ಕೆ. ವಿದೇಶದಲ್ಲಿ ಕಟ್ಟಿಸಿ ತರೋ ಯುದ್ಧನೌಕೆಗಳಲ್ಲಿ ತಮಾಲೇ ಕೊನೇದು ಅಂತ ಸರ್ಕಾರ ಹೇಳಿದೆ. ಅದೇ ಸರಣಿಯ ಇನ್ನೆರಡು ಗೋವಾದಲ್ಲೇ ಕಟ್ತಿದ್ದಾರೆ.

ಎಂಜಿನ್ ಯಾಕೆ ನಾವೇ ಮಾಡಲ್ಲ ಅಂತ ಕೇಳ್ತಾರೆ. ಕಾರಣ ಯುದ್ಧನೌಕೆಯಲ್ಲಿಲ್ಲ, ವ್ಯಾಪಾರಿ ಹಡಗಿನಲ್ಲಿದೆ. ಚೀನಾ, ಕೊರಿಯಾ, ಜಪಾನ್ ಮೂರೇ ದೇಶ ಸೇರಿ ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ 90 ಪರ್ಸೆಂಟ್‌ಗೂ ಜಾಸ್ತಿ ಕಟ್ತವೆ, ನಮ್ಮ ಪಾಲು 1 ಪರ್ಸೆಂಟ್‌ಗಿಂತ ಕಮ್ಮಿ. ವರ್ಷಕ್ಕೆ ನೂರಾರು ಹಡಗು ಕಟ್ಟೋ ದೇಶದಲ್ಲಿ ಎಂಜಿನ್ ಫ್ಯಾಕ್ಟರಿ, ಶಾಫ್ಟ್ ಫೋರ್ಜಿಂಗ್, ಪಂಪು, ವಾಲ್ವು, ಕೇಬಲ್ಲು ಎಲ್ಲಾ ಅದರ ಸುತ್ತ ಬೆಳೆಯುತ್ತೆ. ನಾವು ವರ್ಷಕ್ಕೆ ಕೈಬೆರಳಲ್ಲಿ ಎಣಿಸೋವಷ್ಟು ಯುದ್ಧನೌಕೆ ಕಟ್ತೀವಿ, ಅಷ್ಟಕ್ಕೆ ಅಂತ ಯಾರೂ ಎಂಜಿನ್ ಫ್ಯಾಕ್ಟರಿ ಹಾಕಲ್ಲ. ಹಾಗಾಗಿ 2025ರ ಏಪ್ರಿಲ್‌ನಲ್ಲಿ 6 ಮೆಗಾವಾಟ್ ಮರೀನ್ ಡೀಸೆಲ್ ಎಂಜಿನ್ ಅಭಿವೃದ್ಧಿ ಮಾಡೋಕೆ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಜೊತೆ ಆದ 270 ಕೋಟಿ ಒಪ್ಪಂದ ನನ್ನ ಪ್ರಕಾರ ದೊಡ್ಡ ಸುದ್ದಿ. ಅದರಲ್ಲಿ 70 ಪರ್ಸೆಂಟ್ ದುಡ್ಡು ಸರ್ಕಾರದ್ದು. ಪೇಪರ್‌ನಲ್ಲಿ ಮೂಲೆಯಲ್ಲಿ ಬಂದು ಹೋಯ್ತು. ನಮ್ಮ ಮಲ್ಪೆಯ ಯಾರ್ಡೂ ಇದೇ ಕಾರಣಕ್ಕೆ ಮುಖ್ಯ, ದಿವಾಳಿಯಾಗಿದ್ದ ಆ ಯಾರ್ಡನ್ನ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತಗೊಂಡು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಮಾಡಿದ್ರು, ಈಗ ಅಲ್ಲಿ ಟಗ್‌ಗಳೂ ನಾರ್ವೆಯ ಕಂಪನಿಗೆ ಸರಕು ಹಡಗುಗಳೂ ತಯಾರಾಗ್ತಿವೆ. ಅದು ಯುದ್ಧನೌಕೆ ಅಲ್ಲ, ಆದ್ರೆ ಇಂಥ ಸಣ್ಣ ಹಡಗುಗಳ ಆರ್ಡರ್ ಜಾಸ್ತಿ ಆದಷ್ಟೂ ಯುದ್ಧನೌಕೆಯ ಬಿಡಿಭಾಗ ಮಾಡೋರು ಬದುಕ್ತಾರೆ.

ಇನ್ನು ಹೊಡೆಯೋ ಭಾಗ. ಇಲ್ಲಿ ಸ್ವದೇಶಿ, ಜಂಟಿ, ಲೈಸೆನ್ಸು, ಪೂರ್ತಿ ಆಮದು ನಾಲ್ಕೂ ಒಂದೇ ಹಡಗಿನಲ್ಲಿ ಇರುತ್ತೆ. ನೀರಿನಡಿ ಸಬ್‌ಮರೀನ್ ಹುಡುಕೋ ಹಮ್ಸಾ ಸೋನಾರ್ ಕೊಚ್ಚಿಯ ಡಿಆರ್‌ಡಿಒ ಪ್ರಯೋಗಾಲಯದ್ದು, ತಯಾರಿಸೋದು ಬೆಂಗಳೂರಿನ ಬಿಇಎಲ್. ಬ್ರಹ್ಮೋಸ್ ರಷ್ಯಾ ಜೊತೆ ಜಂಟಿ. ಆಕಾಶದಿಂದ ಬರೋ ಕ್ಷಿಪಣಿ ತಡೆಯೋ ಬರಾಕ್ 8 ಇಸ್ರೇಲ್ ಜೊತೆ ಜಂಟಿ. ಮುಂಭಾಗದ 76 ಎಂಎಂ ತೋಪು ಇಟಲಿ ವಿನ್ಯಾಸ, ತಯಾರಾಗೋದು ಹರಿದ್ವಾರದ ಬಿಎಚ್‌ಇಎಲ್‌ನಲ್ಲಿ, 2023ರ ನವೆಂಬರ್‌ನಲ್ಲಿ ಇದರದ್ದೇ ಸುಧಾರಿತ ಮಾದರಿ 16ಕ್ಕೆ ಸುಮಾರು 2,957 ಕೋಟಿಯ ಆರ್ಡರ್ ಹೋಗಿದೆ. ಹೆಲಿಕಾಪ್ಟರ್ ಎಂಎಚ್-60 ರೋಮಿಯೋ ಪೂರ್ತಿ ಅಮೆರಿಕದ್ದು, 24 ತಗೊಂಡಿದ್ದೀವಿ.

ಸಮಸ್ಯೆ ಏನಂದ್ರೆ ಹಡಗು ಒಂದು ಒಪ್ಪಂದ, ಆಯುಧ ಬೇರೆ ಬೇರೆ ಒಪ್ಪಂದ, ಪ್ರತಿಯೊಂದಕ್ಕೂ ಅದರದ್ದೇ ಫೈಲು. ಯಾರ್ಡ್ ತನ್ನ ಟೈಮಿಗೆ ಹಡಗು ಮುಗಿಸುತ್ತೆ, ಕ್ಷಿಪಣಿಯ ಫೈಲು ಎಲ್ಲೋ ನಿಂತಿರುತ್ತೆ. ಗೃಹಪ್ರವೇಶ ಆದ ಮೇಲೆ ಮನೆಗೆ ಕರೆಂಟ್ ಕನೆಕ್ಷನ್‌ಗೆ ಅರ್ಜಿ ಹಾಕಿದ ಹಾಗೆ. 2014ರ ಆಗಸ್ಟ್‌ನಲ್ಲಿ ಐಎನ್‌ಎಸ್ ಕೋಲ್ಕತ್ತ ಸೇರಿದಾಗ ಅದರ ಮುಖ್ಯ ವಾಯುರಕ್ಷಣಾ ಕ್ಷಿಪಣಿ ಬರಾಕ್ 8 ಇನ್ನೂ ಸಿದ್ಧ ಇರ್ಲಿಲ್ಲ. ಅದೇ ತಿಂಗಳು ಸೇರಿದ ಕಮೋರ್ಟಾ ಸಬ್‌ಮರೀನ್ ಬೇಟೆಗೇ ಅಂತ ಕಟ್ಟಿದ ಹಡಗು, ಅದಕ್ಕೆ ಹಿಂದೆ ಎಳೆದುಕೊಂಡು ಹೋಗೋ ಸೋನಾರ್ ಇರ್ಲಿಲ್ಲ.

ಸಬ್‌ಮರೀನ್ ವಿಷಯದಲ್ಲಿ ಇದು ಇನ್ನೂ ನೋವಿನ ಸಂಗತಿ. 2005ರಲ್ಲಿ ಫ್ರೆಂಚ್ ಸ್ಕಾರ್ಪೀನ್ ವಿನ್ಯಾಸದ ಆರು ಸಬ್‌ಮರೀನ್‌ಗೆ ಒಪ್ಪಂದ ಆಯ್ತು, ಮೊದಲನೇದು ಕಲ್ವರಿ 2017ರ ಡಿಸೆಂಬರ್‌ನಲ್ಲಿ ಸೇರಿತು, ಆರನೇದು ವಾಗ್‌ಶೀರ್ 2025ರ ಜನವರಿಯಲ್ಲಿ. ಇವಕ್ಕೆ ಇಟಲಿಯ ಬ್ಲ್ಯಾಕ್ ಶಾರ್ಕ್ ಟಾರ್ಪಿಡೊ ಆಯ್ಕೆ ಆಗಿತ್ತು. ಆದ್ರೆ ಆ ಕಂಪನಿ ಫಿನ್‌ಮೆಕಾನಿಕಾ ಗುಂಪಿಗೆ ಸೇರಿದ್ದು, ಅದೇ ಗುಂಪಿನ ಅಗಸ್ಟಾ ವೆಸ್ಟ್‌ಲ್ಯಾಂಡ್‌ನ ವಿಐಪಿ ಹೆಲಿಕಾಪ್ಟರ್ ಹಗರಣದ ಆರೋಪ ಎದ್ದು 2014ರ ಜನವರಿಯಲ್ಲಿ ಆ ಒಪ್ಪಂದ ರದ್ದಾಯ್ತು, ಅದರ ಜೊತೆಗೆ ಟಾರ್ಪಿಡೊ ಖರೀದಿಯೂ ಮುಳುಗಿತು. ಹೊಸ ಸಬ್‌ಮರೀನ್ ಹಳೇ ಜರ್ಮನ್ ಟಾರ್ಪಿಡೊ ಇಟ್ಕೊಂಡು ಸಮುದ್ರಕ್ಕೆ ಇಳೀತು. ಫ್ರಿಗೇಟ್‌ಗಿಂತ ದೊಡ್ಡ ಯುದ್ಧನೌಕೆಗಳಾದ ಡೆಸ್ಟ್ರಾಯರ್‌ಗಳಿಗೂ ಇದರ ಬಿಸಿ ತಟ್ಟಿದೆ, ವಿಶಾಖಪಟ್ಟಣಂ ಸರಣಿಗೆ 127 ಎಂಎಂ ತೋಪು ಹಾಕೋ ಯೋಚನೆ ಇತ್ತು, ಕೊನೆಗೆ ಬಂದಿದ್ದು 76 ಎಂಎಂ. ಭ್ರಷ್ಟಾಚಾರ ಮಾಡಿದವರನ್ನ ಬಿಡಬೇಕು ಅಂತ ನಾನು ಹೇಳ್ತಿಲ್ಲ, ಆದ್ರೆ ಇಡೀ ಕಂಪನಿ ಗುಂಪನ್ನೇ ಹೊರಗಿಟ್ಟಾಗ ಪೆಟ್ಟು ಬೀಳೋದು ಆ ಹಡಗಿನಲ್ಲಿರೋ ಸಿಬ್ಬಂದಿಗೆ. ದಂಡ ಹಾಕಿ, ಜೈಲಿಗೆ ಕಳಿಸಿ, ಆದ್ರೆ ಅರ್ಧ ಆಗಿರೋ ಖರೀದಿಗೆ ಬೇರೆ ದಾರಿ ಮೊದ್ಲೇ ಇಟ್ಕೊಂಡಿರ್ಬೇಕು.

ಖರೀದಿ ಫೈಲು ಹೇಗೆ ಓಡಾಡುತ್ತೆ ಅಂತ ಸ್ವಲ್ಪ ಹೇಳ್ತೀನಿ. ಮೊದ್ಲು ನೌಕಾಪಡೆ ತನಗೆ ಏನು ಬೇಕು ಅಂತ ಗುಣಮಟ್ಟದ ಪಟ್ಟಿ ಬರೆಯುತ್ತೆ. ಆಮೇಲೆ ರಕ್ಷಣಾ ಸಚಿವರ ಅಧ್ಯಕ್ಷತೆಯ ಡಿಎಸಿ ಅನ್ನೋ ಮಂಡಳಿ ಇದು ಬೇಕು ಅಂತ ಒಪ್ಪಿಗೆ ಕೊಡುತ್ತೆ, ಇದಕ್ಕೆ ಎಓಎನ್ ಅಂತಾರೆ. ಪೇಪರ್‌ನಲ್ಲಿ "ಇಷ್ಟು ಸಾವಿರ ಕೋಟಿ ಖರೀದಿಗೆ ಅಸ್ತು" ಅಂತ ಬರೋದು ಇದೇ ಹಂತದ ಸುದ್ದಿ, ಅಲ್ಲಿ ಒಂದು ರೂಪಾಯಿನೂ ಖರ್ಚಾಗಿರಲ್ಲ, ಒಪ್ಪಂದಾನೂ ಆಗಿರಲ್ಲ. ಆಮೇಲೆ ಕಂಪನಿಗಳಿಗೆ ಆರ್‌ಎಫ್‌ಪಿ, ಅಂದ್ರೆ ಟೆಂಡರ್ ಕರೆ ಹೋಗುತ್ತೆ, ಉತ್ತರ ಬರುತ್ತೆ, ತಾಂತ್ರಿಕ ಪರಿಶೀಲನೆ, ಪ್ರಾಯೋಗಿಕ ಪರೀಕ್ಷೆ, ಬೆಲೆಯ ಲಕೋಟೆ ತೆಗೆದು ಕಡಿಮೆ ಹೇಳಿದವರು ಯಾರು ಅಂತ ನೋಡೋದು, ಅವರ ಜೊತೆ ಚೌಕಾಸಿ, ಹಣಕಾಸು ಇಲಾಖೆ, ದೊಡ್ಡ ಮೊತ್ತ ಆದ್ರೆ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿ. ಎಲ್ಲಾದ್ರೂ ಒಂದು ಕಡೆ ಒಬ್ಬರೇ ಉಳಿದ್ರೆ ಸಿಂಗಲ್ ವೆಂಡರ್ ಅಂತ ಮತ್ತೆ ತಕರಾರು. ಎಐಪಿ (ಗಾಳಿಗೆ ಅಂತ ಮೇಲೆ ಬರದೆ ಜಾಸ್ತಿ ದಿನ ನೀರಿನಡಿ ಇರೋ ವ್ಯವಸ್ಥೆ) ಇರೋ ಆರು ಸಬ್‌ಮರೀನ್‌ಗಳ ಪ್ರಾಜೆಕ್ಟ್ 75ಐ ನೋಡಿ, ಮೊದಲ ಒಪ್ಪಿಗೆ 2007ರಲ್ಲಿ, ಆರ್‌ಎಫ್‌ಪಿ ಹೋಗಿದ್ದು 2021ರ ಜುಲೈನಲ್ಲಿ.

2002ರಲ್ಲಿ ಮೊದಲ ಖರೀದಿ ನಿಯಮಾವಳಿ ಬಂತು, 2020ರಲ್ಲಿ ಡಿಎಪಿ ಅನ್ನೋ ಹೊಸ ನಿಯಮಾವಳಿ ಬಂತು. ಅದರಲ್ಲಿ ಭಾರತದಲ್ಲೇ ವಿನ್ಯಾಸ, ಅಭಿವೃದ್ಧಿ, ತಯಾರಿ ಮೂರೂ ಆಗಿದ್ದಕ್ಕೆ ಮೊದಲ ಆದ್ಯತೆ. ಜೊತೆಗೆ 2020ರ ಆಗಸ್ಟ್‌ನಿಂದ ಇಂತಿಂಥ ವಸ್ತು ಹೊರಗಿಂದ ತರಂಗಿಲ್ಲ ಅನ್ನೋ ಪಟ್ಟಿಗಳು ಶುರುವಾದ್ವು, ಮೊದಲ ಪಟ್ಟಿಯಲ್ಲೇ 101 ಐಟಂ. ಇದು ಒಳ್ಳೇದೇ, ಯಾಕಂದ್ರೆ ತಯಾರಿಸೋ ಕಂಪನಿಗೆ ಆರ್ಡರ್ ಬಂದೇ ಬರುತ್ತೆ ಅನ್ನೋ ಧೈರ್ಯ ಇದ್ರೆ ತಾನೆ ದುಡ್ಡು ಹಾಕೋದು. 2024ರ ಮಾರ್ಚ್ 1ರಂದು ಬ್ರಹ್ಮೋಸ್ ಕ್ಷಿಪಣಿಗೆ ಒಂದೇ ಸಲ 19,519 ಕೋಟಿ ಆರ್ಡರ್ ಕೊಟ್ಟಿದ್ದು ಇದಕ್ಕೆ ಸರಿಯಾದ ಮಾದರಿ. ನಾಲ್ಕು ನಾಲ್ಕು, ಆರು ಆರು ಅಂತ ಬಿಡಿ ಬಿಡಿಯಾಗಿ ಕೊಳ್ಳೋದ್ರಿಂದ ಯಾವ ಫ್ಯಾಕ್ಟರಿಯೂ ನಿಲ್ಲಲ್ಲ.

ಈಗ ಗಸ್ತು ನೌಕೆಗೆ ಬರೋಣ. ಓಪಿವಿ ಅಂದ್ರೆ ದೂರ ಸಮುದ್ರದಲ್ಲಿ ಗಸ್ತು ತಿರುಗೋ ಹಡಗು. ಸಾಮಾನ್ಯವಾಗಿ 75ರಿಂದ 105 ಮೀಟರ್ ಉದ್ದ, ಒಂದು ತೋಪು, ಹೆಲಿಕಾಪ್ಟರ್ ಇಳಿಯೋ ಡೆಕ್, ಸಣ್ಣ ವೇಗದ ಬೋಟು, ವಾರಗಟ್ಟಲೆ ಬಂದರಿಗೆ ಬರದೆ ಇರೋಕೆ ಬೇಕಾದಷ್ಟು ಇಂಧನ ಮತ್ತು ದಿನಸಿ. ಕ್ಷಿಪಣಿ ಇರಲ್ಲ. ಕಡಲ್ಗಳ್ಳರು, ಕಳ್ಳಸಾಗಣೆ, ಅಕ್ರಮ ಮೀನುಗಾರಿಕೆ, ಮುಳುಗ್ತಿರೋರ ರಕ್ಷಣೆ, ಇವು ಅದರ ಕೆಲಸ. ಕಡಿಮೆ ಆಯುಧ ಇದ್ದ ಮಾತ್ರಕ್ಕೆ ಕಡೆಗಣಿಸಬಾರದು, 2024ರ ಜನವರಿಯಲ್ಲಿ ಗೋವಾದಲ್ಲಿ ಕಟ್ಟಿದ ಐಎನ್‌ಎಸ್ ಸುಮಿತ್ರಾ 36 ಗಂಟೆಯೊಳಗೆ ಎರಡು ಮೀನುಗಾರಿಕಾ ಹಡಗುಗಳನ್ನ ಸೊಮಾಲಿ ಕಡಲ್ಗಳ್ಳರಿಂದ ಬಿಡಿಸಿತು, ಒಂದರಲ್ಲಿ 17 ಇರಾನಿಗಳು, ಇನ್ನೊಂದರಲ್ಲಿ 19 ಪಾಕಿಸ್ತಾನಿಗಳು. ಅದೇ ಸರಣಿಯ ಸುನಯನಾ 2025ರ ಏಪ್ರಿಲ್ 5ಕ್ಕೆ ಕಾರವಾರದಿಂದ ಒಂಬತ್ತು ಮಿತ್ರ ದೇಶಗಳ 44 ನೌಕಾ ಸಿಬ್ಬಂದಿಯನ್ನ ಹತ್ತಿಸ್ಕೊಂಡು ಹೊರಟಿತ್ತು. ಹಿಂದೂ ಮಹಾಸಾಗರದ ಸಣ್ಣ ದೇಶಗಳಿಗೆ ಬೇಕಾಗಿರೋದು ಇಂಥ ಹಡಗೇ, ಫ್ರಿಗೇಟ್ ಸಾಕೋ ಶಕ್ತಿಯೂ ಅವಕ್ಕಿಲ್ಲ, ಅವಶ್ಯಕತೆಯೂ ಇಲ್ಲ.

ಮತ್ತೆ ಆ ಮೂರು ಭಾಗದ ಲೆಕ್ಕ ತಗೊಳ್ಳಿ. ಓಪಿವಿಯ ಬೆಲೆಯಲ್ಲಿ ಬಹುಪಾಲು ತೇಲೋದು ಮತ್ತು ಓಡೋದು, ಹೊಡೆಯೋದು ತುಂಬಾ ಕಮ್ಮಿ. ಅಂದ್ರೆ ನಾವು ಯಾವುದ್ರಲ್ಲಿ ಗಟ್ಟಿಯೋ ಅದೇ ಇದರಲ್ಲಿ ಜಾಸ್ತಿ, ಯಾವುದಕ್ಕೆ ಇನ್ನೊಂದು ದೇಶದ ಅನುಮತಿ ಬೇಕೋ ಅದು ಕಮ್ಮಿ. ಫ್ರಿಗೇಟ್ ಮಾರೋದಾದ್ರೆ ಬರಾಕ್‌ಗೆ ಇಸ್ರೇಲ್, ಬ್ರಹ್ಮೋಸ್‌ಗೆ ರಷ್ಯಾ, ಟರ್ಬೈನ್‌ಗೆ ಅಮೆರಿಕ ಎಲ್ಲರೂ ಹೂಂ ಅನ್ನಬೇಕು. ಓಪಿವಿಗೆ ಅಷ್ಟು ಕಾಟ ಇಲ್ಲ.

ಮೊದಲ ರಫ್ತು ಮಾರಿಷಸ್‌ಗೆ. ಕೋಲ್ಕತ್ತದ ಜಿಆರ್‌ಎಸ್‌ಇ (ಅದೇ ಗಾರ್ಡನ್ ರೀಚ್ ಯಾರ್ಡ್) ಕಟ್ಟಿದ ಬರಾಕುಡಾ, 74 ಮೀಟರ್ ಉದ್ದ, 2014ರ ಡಿಸೆಂಬರ್‌ನಲ್ಲಿ ಹಸ್ತಾಂತರ ಆಗಿ 2015ರ ಮಾರ್ಚ್‌ನಲ್ಲಿ ಅಲ್ಲಿನ ಕೋಸ್ಟ್ ಗಾರ್ಡ್ ಸೇರಿತು. ಬೆಲೆ ಸುಮಾರು 5.85 ಕೋಟಿ ಡಾಲರ್, ಆದ್ರೆ ಅದರಲ್ಲಿ ಬಹುಪಾಲು ಭಾರತವೇ ಕೊಟ್ಟ ಸಾಲ, ಸ್ವಲ್ಪ ಅನುದಾನ. ಸೀಶೆಲ್ಸ್‌ಗೆ 2021ರಲ್ಲಿ ಹೋದ 49 ಮೀಟರ್‌ನ ಝೊರಾಸ್ಟರ್ ಪೂರ್ತಿ ಉಡುಗೊರೆ. ವಿಯೆಟ್ನಾಂಗೆ 10 ಕೋಟಿ ಡಾಲರ್ ಸಾಲದಲ್ಲಿ 12 ವೇಗದ ಗಸ್ತು ಬೋಟು, ಐದನ್ನ ಎಲ್ ಆಂಡ್ ಟಿ ಇಲ್ಲಿ ಕಟ್ಟಿತು, ಏಳನ್ನ ವಿಯೆಟ್ನಾಂನ ಹಾಂಗ್ ಹಾ ಯಾರ್ಡ್‌ನಲ್ಲಿ ಕಟ್ಟಿದ್ರು, 2022ರ ಜೂನ್‌ನಲ್ಲಿ ಹಸ್ತಾಂತರ. ಶ್ರೀಲಂಕಾದ್ದು ಸ್ವಲ್ಪ ಬೇರೆ ದಾರಿ, 2000ದಲ್ಲಿ ನಮ್ಮ ಹಳೇ ಸರಯೂ ಅವರ ಕೈಗೆ ಹೋಗಿ ಸಯುರ ಆಯ್ತು, ಅದನ್ನ ಓಡಿಸಿ ಅಭ್ಯಾಸ ಆದ ಮೇಲೆ ಹೊಸದು ಬೇಕು ಅಂತ ಗೋವಾ ಶಿಪ್‌ಯಾರ್ಡ್‌ನಿಂದ ಎರಡು ಹೊಸ ಹಡಗು ಕಟ್ಟಿಸ್ಕೊಂಡ್ರು. 105.7 ಮೀಟರ್‌ನ ಸಯುರಲ 2017ರಲ್ಲಿ, ಸಿಂಧುರಲ 2018ರಲ್ಲಿ. ಅವರ ನೌಕಾಪಡೆಗೆ ಅಷ್ಟು ದೊಡ್ಡ ಹಡಗು ಅಲ್ಲಿವರೆಗೆ ಇರ್ಲಿಲ್ಲ.

ಸಾಲ ನಾವೇ ಕೊಟ್ಟು ಹಡಗು ನಾವೇ ಮಾರಿದ್ರೆ ಅದೆಂಥ ರಫ್ತು ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದ್ರೆ ಸಣ್ಣ ದೇಶಗಳಿಗೆ ಹಡಗು ಮಾರೋ ಚೀನಾನೂ ಸಾಲ ಕೊಟ್ಟೇ ಮಾರೋದು, ಅಂಥ ದೇಶಗಳ ಖಜಾನೆಯಲ್ಲಿ ಇದಕ್ಕೆ ಅಂತ ನಗದು ಇರಲ್ಲ. ಸಾಲ ನಮ್ಮ ಎಕ್ಸಿಂ ಬ್ಯಾಂಕ್ ಮೂಲಕ ಹೋಗುತ್ತೆ, ದುಡ್ಡಿನ ದೊಡ್ಡ ಪಾಲು ನಮ್ಮ ಯಾರ್ಡ್ ಮತ್ತು ಇಲ್ಲಿನ ಸಣ್ಣ ಕಂಪನಿಗಳಿಗೇ ವಾಪಸ್ ಬರುತ್ತೆ, ಆ ದೇಶದ ಸಿಬ್ಬಂದಿ ನಮ್ಮಲ್ಲಿ ತರಬೇತಿ ತಗೊಳ್ತಾರೆ, ಮುಂದಿನ 25 ವರ್ಷ ಬಿಡಿಭಾಗಕ್ಕೂ ರಿಪೇರಿಗೂ ನಮ್ಮ ಕಡೆಗೇ ತಿರುಗ್ತಾರೆ. ಮಾಲ್ಡೀವ್ಸ್‌ನಲ್ಲಿ ಏನೇನು ರಾಜಕೀಯ ಬದಲಾವಣೆ ಆದ್ರೂ 2006ರಲ್ಲಿ ನಾವು ಕೊಟ್ಟ ಹುರಾವೀ ಗಸ್ತು ನೌಕೆಯ ಜಾಗಕ್ಕೆ 2023ರಲ್ಲಿ ಮತ್ತೆ ನಮ್ಮದೇ ಇನ್ನೊಂದು ಹಡಗು ಹೋಯ್ತು.

ದುಡ್ಡು ಕೊಟ್ಟು ಕೊಳ್ಳೋ ಗ್ರಾಹಕರ ಹತ್ರ ನಮ್ಮ ಸ್ಥಿತಿ ಏನು ಅನ್ನೋದಕ್ಕೆ ಫಿಲಿಪ್ಪೀನ್ಸ್ ನೋಡ್ಬೇಕು. 2016ರಲ್ಲಿ ಅವರು ಎರಡು ಫ್ರಿಗೇಟ್‌ಗೆ ಟೆಂಡರ್ ಕರೆದಾಗ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದ್ದು ನಮ್ಮ ಜಿಆರ್‌ಎಸ್‌ಇ, ಆದ್ರೆ ಹಣಕಾಸು ಸಾಮರ್ಥ್ಯದ ಷರತ್ತಿನಲ್ಲಿ ಅನರ್ಹ ಆಯ್ತು, ಆರ್ಡರ್ ಕೊರಿಯಾದ ಹ್ಯುಂಡೈಗೆ ಹೋಯ್ತು. ಅದೇ ಫಿಲಿಪ್ಪೀನ್ಸ್ 2022ರ ಜನವರಿಯಲ್ಲಿ ದಡದಿಂದ ಹಾರಿಸೋ ಬ್ರಹ್ಮೋಸ್‌ಗೆ ಸುಮಾರು 37.5 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡಿತು, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ತಲುಪಿತು. ಹಡಗಿನಲ್ಲಿ ಪೈಪೋಟಿ ಜಾಸ್ತಿ, ಕೊರಿಯಾ, ಟರ್ಕಿ, ನೆದರ್‌ಲ್ಯಾಂಡ್ಸ್, ಚೀನಾ ಎಲ್ಲರೂ ಮಾರ್ತಾರೆ. ಶಬ್ದಕ್ಕಿಂತ ಸುಮಾರು ಮೂರು ಪಟ್ಟು ವೇಗದಲ್ಲಿ ಹೋಗೋ ಹಡಗು ಹೊಡೆಯೋ ಕ್ಷಿಪಣಿ ಮಾರೋರು ಬೆರಳೆಣಿಕೆ. ಬೆಲೆ ಕಡಿಮೆ ಇದ್ದ ಮಾತ್ರಕ್ಕೆ ಯಾರೂ ಕೊಳ್ಳಲ್ಲ, ಬೇರೆಯವರ ಹತ್ರ ಇಲ್ಲದ್ದು ನಮ್ಮ ಹತ್ರ ಇದ್ರೆ ಅವರೇ ಹುಡುಕ್ಕೊಂಡು ಬರ್ತಾರೆ.

ದೇಶದ ಒಟ್ಟು ರಕ್ಷಣಾ ರಫ್ತು 2013-14ರಲ್ಲಿ 686 ಕೋಟಿ ಇದ್ದಿದ್ದು 2024-25ಕ್ಕೆ 23,622 ಕೋಟಿ ಆಗಿದೆ, 2029ಕ್ಕೆ 50,000 ಕೋಟಿ ಗುರಿ. ಬೆಳವಣಿಗೆ ನಿಜ, ಆದ್ರೆ ಅದರಲ್ಲಿ ಬಿಡಿಭಾಗಗಳ ಪಾಲು ದೊಡ್ದು, ಪೂರ್ತಿ ಹಡಗುಗಳು ಸ್ವಲ್ಪವೇ.

ಗಸ್ತು ನೌಕೆ ಸುಲಭ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಪಿಪಾವಾವ್ ನೆನಪಿಸ್ಬೇಕು. 2011ರಲ್ಲಿ ಗುಜರಾತಿನ ಆ ಖಾಸಗಿ ಯಾರ್ಡ್‌ಗೆ ನೌಕಾಪಡೆ ಐದು ಓಪಿವಿ ಆರ್ಡರ್ ಕೊಟ್ಟಿತು. ಮಾಲೀಕತ್ವ ಬದಲಾಯ್ತು, 2017ರಲ್ಲಿ ಶಚಿ ಮತ್ತು ಶ್ರುತಿ ಅಂತ ಎರಡು ನೀರಿಗಿಳಿದ್ವು, ಅಷ್ಟೇ, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತು, ಒಪ್ಪಂದ ರದ್ದಾಯ್ತು, ನೌಕಾಪಡೆಗೆ ಒಂದೂ ಸಿಗ್ಲಿಲ್ಲ. ಅದೇ ಹೊತ್ತಿನಲ್ಲಿ 2015ರಲ್ಲಿ ಎಲ್ ಆಂಡ್ ಟಿ ಕೋಸ್ಟ್ ಗಾರ್ಡ್‌ಗೆ ಅಂತ ಏಳು ಓಪಿವಿ ಒಪ್ಕೊಂಡು ಚೆನ್ನೈ ಹತ್ರದ ಕಾಟ್ಟುಪಳ್ಳಿ ಯಾರ್ಡ್ ಮೂಲಕ 2021ರೊಳಗೆ ಏಳನ್ನೂ ಟೈಮಿಗೆ ಅಥವಾ ಟೈಮಿಗಿಂತ ಮೊದ್ಲೇ ಕೊಟ್ಟಿತು. ಎರಡೂ ಖಾಸಗಿ ಕಂಪನಿಗಳೇ. ಹಾಗಾಗಿ ಸರ್ಕಾರಿ ಯಾರ್ಡ್ ಒಳ್ಳೇದಾ ಖಾಸಗಿ ಒಳ್ಳೇದಾ ಅನ್ನೋ ಜಗಳದಲ್ಲಿ ಅರ್ಥ ಇಲ್ಲ, ಯಾರ ಲೆಕ್ಕಪುಸ್ತಕ ಗಟ್ಟಿ ಇದೆ, ಯಾರ ಹತ್ರ ಹಿಂದೆ ಕಟ್ಟಿದ ಅನುಭವ ಇದೆ ಅಂತ ನೋಡದೆ ಬರೀ ಎಲ್-1, ಅಂದ್ರೆ ಎಲ್ಲರಿಗಿಂತ ಕಡಿಮೆ ಬೆಲೆ ನೋಡಿ ಆರ್ಡರ್ ಕೊಡೋ ಪದ್ಧತಿಯಲ್ಲೇ ತೊಂದರೆ ಇದೆ. ಫಿಲಿಪ್ಪೀನ್ಸ್‌ನವರು ನಮ್ಮ ಯಾರ್ಡ್‌ಗೆ ಹಾಕಿದ ಹಣಕಾಸಿನ ಷರತ್ತು ನಮ್ಗೆ ಕಹಿ ಅನ್ನಿಸಿದ್ರೂ, ಅಂಥ ಪರಿಶೀಲನೆ 2011ರಲ್ಲಿ ನಾವೂ ಇನ್ನೂ ಕಟ್ಟುನಿಟ್ಟಾಗಿ ಮಾಡಬಹುದಿತ್ತು.

ಪಿಪಾವಾವ್‌ನಲ್ಲಿ ವ್ಯರ್ಥ ಆದ ವರ್ಷಗಳಿಂದ ಬಿದ್ದ ಕೊರತೆ ತುಂಬೋಕೆ 2023ರ ಮಾರ್ಚ್ 30ಕ್ಕೆ ಹೊಸ ತಲೆಮಾರಿನ 11 ಓಪಿವಿಗಳಿಗೆ 9,781 ಕೋಟಿಯ ಒಪ್ಪಂದ ಆಯ್ತು, ಏಳು ಗೋವಾದಲ್ಲಿ, ನಾಲ್ಕು ಕೋಲ್ಕತ್ತದಲ್ಲಿ. ಅಂದ್ರೆ ಒಂದಕ್ಕೆ ಸುಮಾರು 890 ಕೋಟಿ. ನೀಲಗಿರಿ ಸರಣಿಯ ಏಳು ಫ್ರಿಗೇಟ್‌ಗೆ ಒಟ್ಟು ಸುಮಾರು 45,000 ಕೋಟಿ, ಒಂದಕ್ಕೆ 6,400 ಕೋಟಿ ಚಿಲ್ಲರೆ. ಒಂದು ಫ್ರಿಗೇಟ್ ದುಡ್ಡಲ್ಲಿ ಏಳು ಓಪಿವಿ. ಕಡಲ್ಗಳ್ಳರ ಬೋಟ್ ಹಿಂದೆ ಫ್ರಿಗೇಟ್ ಓಡಿಸೋ ಖರ್ಚು ತಪ್ಪಿಸೋದಕ್ಕೆ ನೌಕಾಪಡೆಗೆ ಇವು ತುರ್ತಾಗಿ ಬೇಕು.

ಈ 11 ಹಡಗು ರಫ್ತಿಗೂ ಸಂಬಂಧಪಟ್ಟಿದ್ದು. ಹೊರದೇಶದ ನೌಕಾಪಡೆ ಕೊಳ್ಳೋಕೆ ಬಂದಾಗ ಕೇಳೋ ಮೊದಲ ಪ್ರಶ್ನೆ ನಿಮ್ಮ ನೌಕಾಪಡೆ ಇದನ್ನ ಓಡಿಸ್ತಿದೆಯಾ, ಎಷ್ಟು ಓಡಿಸ್ತಿದೆ. 11 ಇದ್ರೆ ಬಿಡಿಭಾಗದ ಗೋದಾಮು ಇರುತ್ತೆ, ರಿಪೇರಿ ಗೊತ್ತಿರೋರು ಇರ್ತಾರೆ, ತರಬೇತಿ ಕೊಡೋಕೆ ಹಡಗು ಇರುತ್ತೆ. ಎರಡನೇ ಪ್ರಶ್ನೆ ಹೇಳಿದ ದಿನಕ್ಕೆ ಕೊಟ್ರಾ ಅನ್ನೋದು. ಒಪ್ಪಂದದ ಪ್ರಕಾರ ಇವುಗಳ ಹಸ್ತಾಂತರ ಶುರುವಾಗಬೇಕಾದ್ದು 2026ರ ಸೆಪ್ಟೆಂಬರ್‌ನಿಂದ, ಗೋವಾ ಮತ್ತು ಕೋಲ್ಕತ್ತ ಎರಡೂ ಯಾರ್ಡ್‌ಗಳ ಮುಂದಿನ ವಿದೇಶಿ ಟೆಂಡರ್ ಕಾಗದದಲ್ಲಿ ಹಿಂದಿನ ಅನುಭವ ಅನ್ನೋ ಕಾಲಂ ಎದುರು ಬರೆಯೋದು ಆ ಹಡಗುಗಳು ನಿಜವಾಗಿ ಕೈಸೇರಿದ ತಾರೀಖುಗಳನ್ನೇ.